ವಿಮಾನ ರಚನೆಯಲ್ಲಿ ಪ್ರಥಮ ಸಂಕಲ್ಪ

(ಶ್ರೀಮಠದ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಈ ಮಹೋತ್ಸವದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಾನದಿಂದ ಅಪ್ಪಣೆಯಾದಾಗ ನನ್ನ ಮನಸ್ಸು ಅಳುಕಿತು. ವಚನ ವಾಙ್ಮಯದಲ್ಲಿ ಪರಿಶ್ರಮವುಳ್ಳ ಹಿರಿಯರು ಕುಳಿತಿರುವ ಈ ಸಭೆಯಲ್ಲಿ ಯಂತ್ರದ ಮಾತನ್ನೆತ್ತುವುದು ಉಚಿತವೇ ಎಂಬ ಶಂಕೆ ನನ್ನನ್ನು ಕಾಡಿತು. ಆದರೆ ಈ ವಿಷಯವನ್ನು ನಾನು ಆರಿಸಿಕೊಂಡುದಲ್ಲ. ವಿದ್ಯಾರ್ಥಿನಿಲಯದ ಒಬ್ಬ ಬಾಲಕನು ಅದನ್ನು ನನ್ನ ಮೇಲೆ ಹೊರಿಸಿದನು. 2008ನೆಯ ಇಸವಿಯ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಪ್ರಾರಂಭವಾದಂದಿನಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಗಳ ಜನರಿಗೆ ತಲೆಯ ಮೇಲೆ ವಿಮಾನದ ಸದ್ದು ದಿನನಿತ್ಯದ ಮಾತಾಗಿದೆ. ಒಂದು ಸಂಜೆ ಪ್ರಾರ್ಥನೆ ಮುಗಿದ ತರುವಾಯ ಆ ಹುಡುಗನು ಆಕಾಶವನ್ನು ತೋರಿಸಿ, "ಮೇಷ್ಟ್ರೇ, ಇಂಥದನ್ನು ಮಾಡಬೇಕೆಂದು ಮೊದಲು ಕೂತು ಯೋಚನೆ ಮಾಡುವವರು ಯಾರು? ನಮ್ಮವರು ಯಾರಾದರೂ ಮಾಡಿದ್ದಾರೆಯೇ?" ಎಂದು ಕೇಳಿದನು. ಆಗ ನಾನು ಕೊಟ್ಟ ಉತ್ತರ ಅರೆಬರೆಯಾಗಿತ್ತು. ಉಳಿದ ಉತ್ತರವನ್ನು ಇಂದು ತಮ್ಮೆಲ್ಲರ ಸಮಕ್ಷಮದಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಅಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಬಾಲಕನಿಗೆ, "ನಮ್ಮ ಪೂರ್ವಿಕರು ಎಂದೋ ಮಾಡಿದ್ದರಪ್ಪ, ವೈಮಾನಿಕ ಶಾಸ್ತ್ರವೆಂಬ ಗ್ರಂಥವೇ ಇದೆ" ಎಂದರು. ಅವರ ಅಭಿಮಾನವನ್ನು ನಾನು ಗೌರವಿಸುತ್ತೇನೆ. ಆದರೆ ಗುರುಸನ್ನಿಧಿಯಲ್ಲಿ ಸತ್ಯವನ್ನು ಮರೆಮಾಚಲಾಗದು. ಆ ಗ್ರಂಥವನ್ನು ನಮ್ಮ ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹೇಳಿ ಬರೆಯಿಸಿದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಶ್ಲೋಕ ಶ್ಲೋಕವಾಗಿಯೂ ಚಿತ್ರ ಚಿತ್ರವಾಗಿಯೂ ಪರೀಕ್ಷಿಸಿ, ಗ್ರಂಥವು ಪ್ರಾಚೀನವಾದುದಲ್ಲವೆಂದೂ ಅದರಲ್ಲಿ ಹೇಳಿರುವ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಇದರಿಂದ ಪೂರ್ವಿಕರಿಗೆ ಅಗೌರವವೇನೂ ಇಲ್ಲ. ನಾವು ಕಲಿಯಬೇಕಾದ ಪಾಠ ಬೇರೆ. ಚಿತ್ರವೆಷ್ಟೇ ಭವ್ಯವಾಗಿದ್ದರೂ ಅದಕ್ಕೆ ತೂಕದ ಲೆಕ್ಕವಿಲ್ಲದಿದ್ದರೆ, ಗಾಳಿಯ ಲೆಕ್ಕವಿಲ್ಲದಿದ್ದರೆ, ಅದು ಚಿತ್ರವೇ ಹೊರತು ವಿಮಾನದ ಸಂಕಲ್ಪವಲ್ಲ.

ಹಾಗಾದರೆ ಸಂಕಲ್ಪವೆಂದರೇನು? ಅದು ರೇಖೆಯಿಂದ ಆರಂಭವಾಗುವುದಿಲ್ಲ, ಪ್ರಶ್ನೆಯಿಂದ ಆರಂಭವಾಗುತ್ತದೆ. ಎಷ್ಟು ಜನರನ್ನು, ಎಷ್ಟು ದೂರಕ್ಕೆ, ಎಷ್ಟು ವೇಗದಿಂದ, ಎಂಥ ನೆಲದಿಂದ ಎತ್ತಿ ಎಂಥ ನೆಲಕ್ಕೆ ಇಳಿಸಬೇಕು? ಟಿಕೆಟಿಗೆ ಜನರು ಎಷ್ಟು ಹಣ ಕೊಡಬಲ್ಲರು? ಒಂದು ಇಂಜಿನ್ ಕೆಟ್ಟರೆ ಆಗಬೇಕಾದುದೇನು? ಈ ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಸ್ಪಷ್ಟವಾಗಿ ಬರೆಯುವುದೇ ಮೊದಲ ಕಾಯಕ.

ಇದಕ್ಕೊಂದು ಪ್ರಸಿದ್ಧವಾದ ನಿದರ್ಶನವಿದೆ. 1932ರಲ್ಲಿ ಅಮೆರಿಕದ ಒಂದು ವಿಮಾನ ಸಂಚಾರ ಕಂಪನಿಯು ಡಗ್ಲಸ್ ಎಂಬ ವಿಮಾನ ತಯಾರಕರಿಗೆ ಚಿಕ್ಕದೊಂದು ಪತ್ರವನ್ನು ಬರೆಯಿತು. ಹನ್ನೆರಡು ಮಂದಿ ಪ್ರಯಾಣಿಕರನ್ನು 1,080 ಮೈಲಿ ಒಯ್ಯಬಲ್ಲ, ಮೂರು ಇಂಜಿನ್‌ಗಳುಳ್ಳ ಲೋಹದ ವಿಮಾನ ತಮಗೆ ಬೇಕೆಂದೂ, ತಮ್ಮ ಯಾವ ನಿಲ್ದಾಣದಿಂದಲಾದರೂ ಒಂದು ಇಂಜಿನ್ ನಿಂತುಹೋದಾಗಲೂ ಅದು ತುಂಬಿದ ಭಾರದೊಡನೆ ಮೇಲೇರಬೇಕೆಂದೂ ಅದರಲ್ಲಿ ಕೇಳಿದ್ದರು. ಆ ನಿಲ್ದಾಣಗಳಲ್ಲಿ ಕೆಲವು ಸಮುದ್ರಮಟ್ಟಕ್ಕಿಂತ ಬಹು ಎತ್ತರದಲ್ಲಿದ್ದವು. ಡಗ್ಲಸ್ ಕಂಪನಿಯ ಯಂತ್ರಶಿಲ್ಪಿಗಳು ಲೆಕ್ಕ ಹಾಕಿ ನೋಡಿ, ಮೂರು ಇಂಜಿನ್‌ಗಳು ಬೇಡ, ಎರಡರಿಂದಲೇ ಇದು ಸಾಧ್ಯವೆಂದು ತೋರಿಸಿದರು. 1933ರಲ್ಲಿ ಹಾರಿದ ಆ ಮೊದಲ ಮಾದರಿಯಿಂದ ಮುಂದೆ 1935ರಲ್ಲಿ ಹುಟ್ಟಿದುದೇ ನಮ್ಮ ಹಿರಿಯರು ಡಕೋಟಾ ಎಂದು ಕರೆಯುತ್ತಿದ್ದ ವಿಮಾನ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದ ಡಕೋಟಾಗಳನ್ನು ಪ್ರಯಾಣಿಕರ ಉಪಯೋಗಕ್ಕೆ ತಕ್ಕಂತೆ ಸಜ್ಜುಗೊಳಿಸುವ ಕೆಲಸವು ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿಯೂ ನಡೆಯಿತು. ಒಂದು ಹಾಳೆಯ ಪ್ರಶ್ನೆ ಎಷ್ಟು ದೂರ ನಡೆದು ಬಂದಿತು ನೋಡಿ!

ಇನ್ನು ನಮ್ಮ ನೆಲದ ಪ್ರಶ್ನೆಯನ್ನು ವಿಚಾರಿಸೋಣ. ಬೆಂಗಳೂರು, ದೇವನಹಳ್ಳಿಗಳ ಬಯಲು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಬಿಸಿಲೇರಿದರೆ ಇನ್ನೂ ತೆಳುವಾಗುತ್ತದೆ. 35 ಡಿಗ್ರಿ ಬಿಸಿಲಿನ ಮಧ್ಯಾಹ್ನ ಇಲ್ಲಿಯ ಗಾಳಿಯು, ವಿಮಾನಶಾಸ್ತ್ರಜ್ಞರು ಸಮುದ್ರತೀರಕ್ಕೆ ನಿಯತವಾಗಿ ಇಟ್ಟುಕೊಂಡಿರುವ ಗಾಳಿಗಿಂತ ಸುಮಾರು ಆರರಲ್ಲೊಂದು ಪಾಲು ಹಗುರವಾಗಿರುತ್ತದೆ. ರೆಕ್ಕೆಯನ್ನು ಎತ್ತಿಹಿಡಿಯುವ ಶಕ್ತಿಯು ಗಾಳಿಯ ಸಾಂದ್ರತೆಯನ್ನೂ ರೆಕ್ಕೆಯ ವಿಸ್ತಾರವನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಗಾಳಿ ತೆಳುವಾದರೆ ಅದೇ ಭಾರವನ್ನೆತ್ತಲು ನೂರಕ್ಕೆ ಒಂಬತ್ತು ಪಾಲಿನಷ್ಟು ಹೆಚ್ಚು ವೇಗ ಬೇಕು. ಆ ವೇಗವನ್ನು ಗಳಿಸಲು ಉದ್ದವಾದ ಓಟದ ಹಾದಿ ಬೇಕು. ಅಷ್ಟರಲ್ಲಿ ಇಂಜಿನ್‌ನ ಬಲವೂ ತೆಳುಗಾಳಿಯಲ್ಲಿ ಕುಗ್ಗಿರುತ್ತದೆ. ಆದಕಾರಣ ತಣ್ಣನೆಯ ದೇಶದ ಕರಾವಳಿಗಾಗಿ ಹುಟ್ಟಿದ ವಿಮಾನವು ನಮ್ಮಲ್ಲಿ ಕೆಲವೊಮ್ಮೆ ಆಸನಗಳನ್ನು ಖಾಲಿ ಬಿಟ್ಟು ಏರಬೇಕಾಗುತ್ತದೆ. ನಮ್ಮ ನೆಲದ ಬಿಸಿಲು, ಎತ್ತರ, ಚಿಕ್ಕ ಊರಿನ ಚಿಕ್ಕ ನಿಲ್ದಾಣ, ಇವನ್ನು ಮೊದಲ ಹಾಳೆಯಲ್ಲಿ ಬರೆಯುವವರು ನಾವಲ್ಲದೆ ಬೇರೆ ಯಾರು?

ಪ್ರಶ್ನೆಗಳು ನಿಶ್ಚಯವಾದ ಮೇಲೆ ತೂಕದ ಲೆಕ್ಕ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಂತ ನೂಲು ಬಿಚ್ಚುವ ಕಾಯಕದವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕೆಂಬುದನ್ನು ಅವರು ಗೂಡನ್ನು ಕೈಯಲ್ಲಿ ಹಿಡಿದು ಅಲುಗಿಸಿ ಅಂದಾಜು ಮಾಡುತ್ತಾರೆ. ಅಂದಾಜು ತಪ್ಪಿದರೆ ನಷ್ಟ ಅವರದೇ. ವಿಮಾನಶಿಲ್ಪಿಯ ಪ್ರಶ್ನೆಯೂ ಅದೇ: ಒಂದು ಕಿಲೋ ಪ್ರಯಾಣಿಕನನ್ನು ಒಯ್ಯಲು ಎಷ್ಟು ಕಿಲೋ ವಿಮಾನ ಬೇಕು? ಇದಕ್ಕೆ ಒಂದು ಬಾಲಬೋಧೆಯ ಲೆಕ್ಕವನ್ನು ಹೇಳುತ್ತೇನೆ. ಇದು ಯಾವ ನಿಜವಾದ ವಿಮಾನದ ಲೆಕ್ಕವೂ ಅಲ್ಲ. ಪ್ರಯಾಣಿಕರು, ಚಾಲಕರು, ಸಾಮಾನುಗಳು ಸೇರಿ 1,600 ಕಿಲೋ ಎಂದಿಟ್ಟುಕೊಳ್ಳೋಣ. ಒಟ್ಟು ತೂಕದಲ್ಲಿ ನೂರಕ್ಕೆ 58 ಪಾಲು ಖಾಲಿ ವಿಮಾನಕ್ಕೂ 15 ಪಾಲು ಇಂಧನಕ್ಕೂ ಹೋದರೆ, ಜನರಿಗೂ ಸಾಮಾನಿಗೂ ಉಳಿಯುವುದು 27 ಪಾಲು. ಆಗ ಒಟ್ಟು ತೂಕ ಸುಮಾರು 5,930 ಕಿಲೋ ಆಗಬೇಕು. ಕಟ್ಟುವಾಗ ಹಿಡಿತ ತಪ್ಪಿ ಖಾಲಿ ವಿಮಾನದ ಪಾಲು 58ರಿಂದ 63ಕ್ಕೆ ಏರಿತೆನ್ನೋಣ. ಏರಿದುದು ಐದೇ ಪಾಲು. ಆದರೆ ಜನರಿಗೆ ಉಳಿದುದು 22 ಪಾಲು ಮಾತ್ರ. ಅದೇ 1,600 ಕಿಲೋವನ್ನೊಯ್ಯಲು ಒಟ್ಟು ತೂಕ ಸುಮಾರು 7,270 ಕಿಲೋ ಆಗಬೇಕು! ಭಾರ ಹೆಚ್ಚಿತೆಂದು ರೆಕ್ಕೆ ಹಿರಿದಾಗಬೇಕು. ರೆಕ್ಕೆ ಹಿರಿದಾಯಿತೆಂದು ಇಂಜಿನ್ ಬಲಿಷ್ಠವಾಗಬೇಕು. ಇಂಜಿನ್ ಬಲಿಷ್ಠವಾಯಿತೆಂದು ಇಂಧನ ಹೆಚ್ಚಬೇಕು. ಇವೆಲ್ಲ ಸೇರಿ ಭಾರ ಮತ್ತೆ ಹೆಚ್ಚುತ್ತದೆ. ಆದುದರಿಂದಲೇ ಈ ಲೆಕ್ಕವನ್ನು ಒಂದು ಸಲ ಮಾಡಿ ಮುಗಿಸುವಂತಿಲ್ಲ. ಊಹಿಸಿ, ಲೆಕ್ಕಿಸಿ, ಬಂದ ಉತ್ತರವನ್ನು ಮರಳಿ ಊಹೆಯ ಸ್ಥಾನದಲ್ಲಿಟ್ಟು, ಎರಡೂ ಒಂದಾಗುವ ತನಕ ಸುತ್ತುತ್ತಿರಬೇಕು.

ಈ ಸ್ಥಳದಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮನವರ ನೆನಪಾಗುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚಾಗಿ ತಂದಾಗ, ಆ ಮಹಾತಾಯಿ ಅದನ್ನು ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಹಾಕಿ ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿಸಿದ ಕಥೆ ತಮಗೆಲ್ಲ ತಿಳಿದುದೇ. ವಿಮಾನದ ಸಂಕಲ್ಪ ಮಾಡುವವರ ಮನೆಯಲ್ಲಿ ಇಂಥ ಲಕ್ಕಮ್ಮ ಒಬ್ಬರು ಇರಲೇಬೇಕು. ಒಬ್ಬನು ಬಾಗಿಲಿಗೆ ಎರಡು ಕಿಲೋ ಹೆಚ್ಚಿರಲಿ ಎನ್ನುತ್ತಾನೆ, ಮತ್ತೊಬ್ಬನು ಆಸನಕ್ಕೆ ಅರ್ಧ ಕಿಲೋ ಎನ್ನುತ್ತಾನೆ. ಒಂದೊಂದೂ ನ್ಯಾಯವಾದ ಬೇಡಿಕೆಯೇ. ಎಲ್ಲವನ್ನೂ ಒಪ್ಪಿದರೆ ವಿಮಾನ ನೆಲ ಬಿಡುವುದಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಹಾಕಿ ಬಾ ಎನ್ನುವ ಧೈರ್ಯವುಳ್ಳವರು ಬೇಕು; ಅವರ ಮಾತನ್ನು ಕೇಳುವ ವಿನಯವುಳ್ಳವರೂ ಬೇಕು.

ತೂಕವೆಷ್ಟು ಎಂಬುದರ ಜೊತೆಗೆ ಅದು ಎಲ್ಲಿದೆ ಎಂಬುದೂ ಮುಖ್ಯ. ಚಿಂತಾಮಣಿಯ ಮಂಡಿಗೆ ಮೂಟೆ ಹೇರಿಕೊಂಡು ಗಾಡಿ ಹೊಡೆದವರಿಗೆ ಇದು ಗೊತ್ತು. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಗಾಡಿಗೆ ಅಚ್ಚು ಹೇಗೋ ವಿಮಾನಕ್ಕೆ ರೆಕ್ಕೆ ಹಾಗೆ. ಆಸನಗಳು ತುಂಬಿದಾಗಲೂ ಖಾಲಿಯಾದಾಗಲೂ, ಇಂಧನ ತುಂಬಿರುವಾಗಲೂ ತೀರಿದಾಗಲೂ ಭಾರದ ಕೇಂದ್ರವು ಒಂದು ಚಿಕ್ಕ ಮೇರೆಯೊಳಗೇ ಇರಬೇಕು. ಅದಕ್ಕಾಗಿ ರೆಕ್ಕೆ ಎಲ್ಲಿ, ಇಂಜಿನ್ ಎಲ್ಲಿ, ಬಾಲ ಎಷ್ಟು ದೂರ, ಎಷ್ಟು ದೊಡ್ಡದು ಎಂಬುದನ್ನು ಮೊದಲ ಕೆಲವು ತಿಂಗಳುಗಳಲ್ಲಿಯೇ ನಿಶ್ಚಯಿಸುತ್ತಾರೆ. ಆ ಕಾಲದಲ್ಲಿ ಖರ್ಚಾಗುವುದು ಕಾಗದ ಮತ್ತು ಕೆಲವು ಜನರ ಸಂಬಳ ಮಾತ್ರ. ಆದರೆ ಮುಂದೆ ಆಗುವ ವೆಚ್ಚದ ಬಹುಪಾಲು ಆಗಲೇ ಕಟ್ಟಲ್ಪಟ್ಟಿರುತ್ತದೆ. ಕಾಗದದ ಮೇಲೆ ಇಂಜಿನ್ನನ್ನು ಒಂದು ಗೇಣು ಹಿಂದಕ್ಕೆ ಸರಿಸಲು ಒಂದು ಘಳಿಗೆ ಸಾಕು. ಕಟ್ಟಿದ ವಿಮಾನದಲ್ಲಿ ಅದಕ್ಕೆ ವರ್ಷಗಳೇ ಬೇಕು.

ಇನ್ನು ಬಾಲಕನ ಎರಡನೆಯ ಪ್ರಶ್ನೆ: ನಮ್ಮವರು ಮಾಡಿದ್ದಾರೆಯೇ? ಮಾಡಿದ್ದಾರೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಕಾರದಿಂದ 1940ರ ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗವು ಹುಟ್ಟಿತು. ಅಲ್ಲಿ ಪಾಠ ಹೇಳಿದ ಡಾ. ಘಾಟಗೆಯವರ ಮುಂದಾಳುತನದಲ್ಲಿ ರೂಪುಗೊಂಡ ಶಿಕ್ಷಣ ವಿಮಾನವು 1951ರಲ್ಲಿ ಹಾರಿತು. 1959ರಲ್ಲಿ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಸ್ಥಾಪಿತವಾಗಿ ಬೆಂಗಳೂರಿನಲ್ಲಿ ನೆಲೆಗೊಂಡಿತು. ಆ ಪ್ರಯೋಗಾಲಯವನ್ನು 1984ರಿಂದ 1993ರವರೆಗೆ ನಡೆಸಿದ ಡಾ. ರೊದ್ದಂ ನರಸಿಂಹ ಅವರು ಬೆಂಗಳೂರಿನವರೇ. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತ ಕನ್ನಡದಲ್ಲಿ ವಿಜ್ಞಾನವನ್ನು ಬರೆದ ಹಿರಿಯರು. ತಂದೆ ತಾಯ್ನುಡಿಯಲ್ಲಿ ವಿಜ್ಞಾನವನ್ನು ಹೇಳಿದ ಮನೆಯಲ್ಲಿ ಮಗನು ಗಾಳಿಯ ಗತಿಯನ್ನು ಅರಿಯುವ ವಿದ್ವಾಂಸನಾದುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

ಆ ಪ್ರಯೋಗಾಲಯದಲ್ಲಿಯೇ ನಮ್ಮ ದೇಶದ ಚಿಕ್ಕ ಪ್ರಯಾಣಿಕ ವಿಮಾನವೊಂದರ ಸಂಕಲ್ಪ ನಡೆಯಿತು. ಹದಿನಾಲ್ಕು ಆಸನಗಳು, ಎರಡು ಇಂಜಿನ್‌ಗಳು, ಚಿಕ್ಕ ಊರುಗಳ ನಡುವಣ ಸಂಚಾರ, ಇದು ಉದ್ದೇಶ. 1990ರ ಸುಮಾರಿಗೆ ರಷ್ಯಾದ ಮ್ಯಾಸಿಶ್ಚೇವ್ ಸಂಸ್ಥೆಯೊಡನೆ ಸಹಕಾರದ ಮಾತಾಯಿತು; ಆ ದೇಶದ ಸ್ಥಿತಿ ಪಲ್ಲಟವಾದಾಗ ಅದು ಮುರಿದುಬಿತ್ತು. ನಮ್ಮವರು ಒಬ್ಬರೇ ಮುಂದುವರಿದರು. 1999ರಲ್ಲಿ ಸರಕಾರದ ಮಂಜೂರಾತಿ ದೊರೆಯಿತು. ಸಾರಸವೆಂಬ ಹಕ್ಕಿಯ ಹೆಸರನ್ನು ಹೊತ್ತ ಆ ವಿಮಾನವು 2004ರ ಮೇ 29ರಂದು ಬೆಂಗಳೂರಿನಲ್ಲಿ ಮೊದಲ ಬಾರಿಗೆ ನೆಲ ಬಿಟ್ಟಿತು. ಅದರ ಇಂಜಿನ್‌ಗಳನ್ನು ರೆಕ್ಕೆಯ ಮೇಲಿಡದೆ ಒಡಲಿನ ಹಿಂಭಾಗದ ಎರಡು ಪಕ್ಕಗಳಲ್ಲಿಟ್ಟು, ಪಂಖಗಳು ಹಿಂದಿನಿಂದ ನೂಕುವಂತೆ ಮಾಡಿದ್ದರು. ಇದರಿಂದ ಪ್ರಯಾಣಿಕರಿಗೆ ಸದ್ದು ಕಡಿಮೆ, ರೆಕ್ಕೆಯೂ ಶುಭ್ರ. ಆದರೆ ಭಾರವು ಹಿಂದಕ್ಕೆ ಹೋಗುತ್ತದೆ. ಆ ಭಾಗವನ್ನು ಬಲಪಡಿಸಬೇಕಾಗುತ್ತದೆ. ಒಂದು ಅನುಕೂಲಕ್ಕೆ ಮತ್ತೊಂದು ಬೆಲೆ ತೆರಬೇಕೆಂಬುದು ಈ ವಿದ್ಯೆಯ ನಿಯಮ.

ಮೊದಲ ಮಾದರಿಯನ್ನು ತೂಗಿ ನೋಡಿದಾಗ ಏನಾಯಿತು? ಖಾಲಿ ವಿಮಾನವು ಸುಮಾರು 4,100 ಕಿಲೋ ಇರಬೇಕೆಂದು ಉದ್ದೇಶಿಸಿದ್ದರು. ಅದು ತೂಗಿದುದು 5,100 ಕಿಲೋವಿಗೂ ತುಸು ಹೆಚ್ಚು. ಒಂದು ಸಾವಿರ ಕಿಲೋ ಎಂದರೆ ಸಾಮಾನು ಸಹಿತ ಹತ್ತು ಮಂದಿ ಪ್ರಯಾಣಿಕರ ತೂಕ; ಇದ್ದ ಆಸನಗಳು ಹದಿನಾಲ್ಕು. ಲಕ್ಕಮ್ಮನವರ ಕಥೆಯ ಅರ್ಥವು ಇಲ್ಲಿ ಎಷ್ಟು ಕಠೋರವಾಗಿ ಕಾಣುತ್ತದೆ! ನಮ್ಮವರು ಎದೆಗುಂದದೆ, 850 ಅಶ್ವಶಕ್ತಿಯ ಇಂಜಿನ್‌ಗಳ ಬದಲು 1,200 ಅಶ್ವಶಕ್ತಿಯವನ್ನು ಕೂಡಿಸಿ ಎರಡನೆಯ ಮಾದರಿಯನ್ನು 2007ರಲ್ಲಿ ಹಾರಿಸಿದರು.

2009ರ ಮಾರ್ಚ್ 6ರಂದು ಆ ಎರಡನೆಯ ವಿಮಾನವು ಪರೀಕ್ಷಾ ಹಾರಾಟದಲ್ಲಿ ಬಿಡದಿಯ ಸಮೀಪ ಬಿದ್ದು, ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ, ಈ ಮೂವರು ವಾಯುಸೇನೆಯ ವೀರರು ಮಡಿದರು. ಹಾರುತ್ತಿರುವಾಗಲೇ ಒಂದು ಇಂಜಿನ್ನನ್ನು ನಿಲ್ಲಿಸಿ ಮರಳಿ ನಡೆಸುವ ಪರೀಕ್ಷೆ ಅದು. ಮರಳಿ ಹೊತ್ತಿಸುವ ಕ್ರಮವು ಸರಿಯಾಗಿರಲಿಲ್ಲವೆಂದೂ, ಅದಕ್ಕೆ ತಕ್ಕಷ್ಟು ಎತ್ತರವಿರಲಿಲ್ಲವೆಂದೂ ವಿಚಾರಣೆಯಲ್ಲಿ ಕಂಡುಬಂದಿತು. ತೂಕವೇ ಈ ದುರಂತಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ನಾನು ಹೇಳುವುದಿಷ್ಟೆ: ಕಾಗದದ ಮೇಲೆ ನಾವು ಬರೆಯುವ ಪ್ರತಿಯೊಂದು ಅಂಕಿಯನ್ನೂ, ಪ್ರತಿಯೊಂದು ಕ್ರಮವನ್ನೂ ಕೊನೆಗೆ ಯಾರೋ ಒಬ್ಬರು ತಮ್ಮ ಪ್ರಾಣವನ್ನು ಪಣವಾಗಿಟ್ಟು ಪರೀಕ್ಷಿಸುತ್ತಾರೆ. ನಾಳೆ ಅದೇ ಅಂಕಿಗಳನ್ನು ನಂಬಿ ಏನೂ ಅರಿಯದ ತಾಯಿ ಮಕ್ಕಳು ಕಿಟಕಿಯ ಬಳಿ ಕುಳಿತಿರುತ್ತಾರೆ. ಈ ಸಭೆಯಲ್ಲಿ ಆ ಮೂವರ ಆತ್ಮಕ್ಕೆ ಶಾಂತಿಯನ್ನು ಕೋರುವುದು ನಮ್ಮ ಧರ್ಮ.

ದುರಂತದ ತರುವಾಯ ಕೆಲಸವು ಬಹುಕಾಲ ಸ್ಥಗಿತವಾಯಿತು. ನಗುವವರು ನಕ್ಕರು. ಆದರೆ ಬಿಡದೆ ಹಿಡಿದವರೂ ಇದ್ದರು. ಮೊದಲ ಮಾದರಿಯನ್ನೇ ತಿದ್ದಿ 2018ರ ಜನವರಿ 24ರಂದು ಮರಳಿ ಹಾರಿಸಿದರು. ಮುಂದೆ ಹತ್ತೊಂಬತ್ತು ಆಸನಗಳ ಹೊಸ ಸಾರಸದ ಸಂಕಲ್ಪವನ್ನು ಕೈಗೊಂಡರು. ಹತ್ತೊಂಬತ್ತೇ ಏಕೆಂದು ಕೇಳಬಹುದು. ಅದಕ್ಕಿಂತ ಒಂದು ಆಸನ ಹೆಚ್ಚಾದರೆ ಪ್ರಯಾಣಿಕರನ್ನು ನೋಡಿಕೊಳ್ಳುವ ಪರಿಚಾರಕರೊಬ್ಬರು ವಿಮಾನದಲ್ಲಿ ಇರಬೇಕೆಂಬುದು ಅನೇಕ ದೇಶಗಳ ವಾಡಿಕೆಯ ನಿಯಮ. ಹೀಗೆ ಕಾನೂನಿನ ಒಂದು ಸಾಲು ಕೂಡ ವಿಮಾನದ ಆಕಾರವನ್ನು ನಿರ್ಣಯಿಸುತ್ತದೆ. ಎಪ್ಪತ್ತರಿಂದ ತೊಂಬತ್ತು ಆಸನಗಳ ಪ್ರಾದೇಶಿಕ ವಿಮಾನವೊಂದರ ಪರಿಕಲ್ಪನೆಯ ಅಧ್ಯಯನವೂ ಅದೇ ಪ್ರಯೋಗಾಲಯದಲ್ಲಿ ನಡೆದಿದೆ.

ನಮ್ಮಂಥ ದೇಶಗಳಿಗೆ ಇದು ಅಸಾಧ್ಯವೆಂದು ಯಾರೂ ತಿಳಿಯಬೇಡಿ. ಬ್ರೆಜಿಲ್ ದೇಶದವರು, ದೊಡ್ಡ ವಿಮಾನಗಳು ಬಂದ ಮೇಲೆ ತಮ್ಮ ಚಿಕ್ಕ ಊರುಗಳಿಗೆ ಸಂಚಾರ ತಪ್ಪಿಹೋದುದನ್ನು ಕಂಡು, ಆ ಊರುಗಳ ಮಣ್ಣಿನ ನಿಲ್ದಾಣಕ್ಕೆ ತಕ್ಕ ಚಿಕ್ಕ ವಿಮಾನವೊಂದನ್ನು ಸಂಕಲ್ಪಿಸಿ 1968ರಲ್ಲಿ ಹಾರಿಸಿದರು. ಮರುವರ್ಷ ಹುಟ್ಟಿದ ಅವರ ಎಂಬ್ರೇಯರ್ ಸಂಸ್ಥೆಯ ವಿಮಾನಗಳು ಈಗ ಲೋಕವೆಲ್ಲ ಸಂಚರಿಸುತ್ತಿವೆ. ಅವರು ಮೊದಲು ಕೇಳಿದುದು ತಮ್ಮ ಊರಿನ ಪ್ರಶ್ನೆಯನ್ನು.

2024ರ ಜನವರಿಯಲ್ಲಿ ದೇವನಹಳ್ಳಿಯ ಬಳಿ 43 ಎಕರೆ ನೆಲದಲ್ಲಿ ಬೋಯಿಂಗ್ ಕಂಪನಿಯ ದೊಡ್ಡ ಕೇಂದ್ರವು ತೆರೆಯಿತು. ನಮ್ಮ ಮಕ್ಕಳು ಇಂಥ ಸ್ಥಳಗಳಲ್ಲಿ ಉದ್ಯೋಗ ಮಾಡುವುದು ಸಂತೋಷದ ವಿಷಯವೇ. ಆದರೆ ಬೇರೊಬ್ಬರು ಸಂಕಲ್ಪಿಸಿದ ವಿಮಾನದ ಒಂದು ಅಂಗವನ್ನು ಲೆಕ್ಕಿಸುವುದು ಬೇರೆ. ಬರಿದಾದ ಹಾಳೆಯ ಮುಂದೆ ಕುಳಿತು ಮೊದಲ ಪ್ರಶ್ನೆಯನ್ನು ಬರೆಯುವುದು ಬೇರೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ದೇಶಕ್ಕೇ ಯೋಜನೆಯ ಪಾಠವನ್ನು ಹೇಳಿದ ವಿಶ್ವೇಶ್ವರಯ್ಯನವರ ಸೀಮೆಯವರು ನಾವು. ಮೊದಲ ಹಾಳೆಯ ಆಸೆ ನಮಗಿರಬಾರದೇ?

ಈ ಕೆಲಸ ಒಬ್ಬನಿಂದ ಆಗುವುದಲ್ಲ. ರೆಕ್ಕೆ ಬಲ್ಲವನು, ಇಂಜಿನ್ ಬಲ್ಲವನು, ಲೋಹ ಬಲ್ಲವನು, ಹಣದ ಲೆಕ್ಕ ಬಲ್ಲವನು, ನಾಳೆ ಅದನ್ನು ನಡೆಸುವವನು, ರಿಪೇರಿ ಮಾಡುವವನು ಎಲ್ಲರೂ ಒಂದೆಡೆ ಕೂಡಬೇಕು. ಅವರಲ್ಲಿ ಮೇಲು ಕೀಳೆಂಬುದು ಸಲ್ಲದು. ರಿಪೇರಿಯವನ ಕೈ ಹೋಗದ ಮೂಲೆಯಲ್ಲಿ ಯಂತ್ರವನ್ನಿಟ್ಟ ಪಂಡಿತನು ಎಷ್ಟೇ ದೊಡ್ಡವನಾದರೂ ತಪ್ಪಿದವನೇ. ಹಗ್ಗ ಹೊಸೆದ ಚಂದಯ್ಯನವರೂ ದೋಣಿ ನಡೆಸಿದ ಚೌಡಯ್ಯನವರೂ ಒಂದೇ ಮಂಟಪದಲ್ಲಿ ಮಾತನಾಡಿದ ಪರಂಪರೆ ನಮ್ಮದು. ಅನುಭವಿಗಳ ಮಾತನ್ನು ಸಮಾನವಾಗಿ ಕೇಳುವ ಆ ಪದ್ಧತಿಯು ವಿಮಾನಶಿಲ್ಪಿಗಳ ಕೋಣೆಗೂ ಅತ್ಯಾವಶ್ಯಕ.

ಆದುದರಿಂದ ಭಕ್ತಮಹಾಶಯರಲ್ಲಿ ನನ್ನ ವಿಜ್ಞಾಪನೆ ಎರಡು. ಮೊದಲನೆಯದು, ವಿದ್ಯಾರ್ಥಿನಿಲಯದ ಮಕ್ಕಳಿಗೆ ಅನ್ನವನ್ನಿಕ್ಕಿದಂತೆಯೇ ಗಣಿತವನ್ನೂ ಇಕ್ಕಿರಿ. ಪ್ರಶ್ನೆ ಕೇಳಿದವನನ್ನು ಗದರಿಸದಿರಿ. ಎರಡನೆಯದು, ಸೋತವರನ್ನು ಹೀಯಾಳಿಸದಿರಿ. ತೂಕ ಹೆಚ್ಚಾಯಿತೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು ಮತ್ತೆ ಲೆಕ್ಕಕ್ಕೆ ಕುಳಿತವನೇ ನಾಳೆ ಗೆಲ್ಲುವವನು. ತಪ್ಪನ್ನು ಬಚ್ಚಿಡುವ ಸಮಾಜದಲ್ಲಿ ವಿಮಾನವು ಎಂದಿಗೂ ನಿರಪಾಯವಾಗಿ ಹಾರಲಾರದು.

ಮಗೂ, ನೀನು ಈ ಸಭೆಯಲ್ಲಿ ಎಲ್ಲೋ ಹಿಂದೆ ಕುಳಿತಿರುವೆ. ನಿನಗೆ ನನ್ನ ಉತ್ತರವಿಷ್ಟು: ನಮ್ಮವರು ಮಾಡಿದ್ದಾರೆ, ಪೂರ್ತಿಯಾಗಿಲ್ಲ. ಉಳಿದುದು ನಿನ್ನ ಪಾಲಿಗಿದೆ.

ನನ್ನ ಮಾತಿನಲ್ಲಿ ತೂಕ ಹೆಚ್ಚಾಗಿದ್ದರೆ ತಾವು ಅದನ್ನು ಅಲ್ಲಿಯೇ ಬಿಟ್ಟು, ಬೇಕಾದಷ್ಟನ್ನು ಮಾತ್ರ ಸ್ವೀಕರಿಸಬೇಕೆಂದು ಬೇಡಿಕೊಳ್ಳುತ್ತೇನೆ.